ಭದ್ರಾತೀರದ ಬರಿದಾದ ಊರು: ಕುದುರೆಮುಖದ ಉದಯಾಸ್ತ

ಶಿವಮೊಗ್ಗೆಯ ಸಮೀಪದ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸಂಗಮಿಸುವುದನ್ನು ನಮ್ಮ ಸೀಮೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಈ ಎರಡು ನದಿಗಳೂ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟುತ್ತವೆ. ಒಡಹುಟ್ಟಿದವರಾದರೂ ಬೇರೆ ಬೇರೆ ದಾರಿ ಹಿಡಿದು, ಬಹುದೂರ ಹರಿದ ಮೇಲೆ ಮತ್ತೆ ಒಂದಾಗುತ್ತವೆ. ಭದ್ರೆಯು ಹಿಡಿಯುವ ದಾರಿಯಲ್ಲಿ ಮೊದಲು ಕುದುರೆಮುಖ, ಆಮೇಲೆ ಕಳಸ, ಬಾಳೆಹೊನ್ನೂರು, ಲಕ್ಕವಳ್ಳಿಯ ಜಲಾಶಯ, ಕಡೆಗೆ ಭದ್ರಾವತಿ. ಹೀಗೆ ಒಂದೇ ನದಿಯ ದಡದಲ್ಲಿ ಕಬ್ಬಿಣವನ್ನು ನಂಬಿ ಎರಡು ಊರುಗಳು ಬೆಳೆದವು. ಕೆಳಗಿನದು ಕಬ್ಬಿಣವನ್ನು ಕರಗಿಸುವ ಭದ್ರಾವತಿ. ಮೇಲಿನದು ಅದಿರನ್ನು ಅಗೆಯುವ ಕುದುರೆಮುಖ. ಮೇಲಿನ ಊರು 1970ರ ದಶಕದಲ್ಲಿ ಹುಟ್ಟಿ, 2005ರ ಕೊನೆಯ ದಿನ ತನ್ನ ಕಸುಬನ್ನು ಕಳೆದುಕೊಂಡು, ಬಹುಮಟ್ಟಿಗೆ ಬರಿದಾಯಿತು.

ಕಂದಾಯ ಇಲಾಖೆಯ ದಾಖಲೆಗಳಲ್ಲಿ ಜನವಸತಿಯಿಲ್ಲದ ಹಳ್ಳಿಗೆ ‘ಬೇಚರಾಕ್ ಗ್ರಾಮ’ ಎಂಬ ಹೆಸರುಂಟು. ‘ದೀಪವಿಲ್ಲದ್ದು’ ಎಂಬುದು ಆ ಪಾರಸೀ ಪದದ ಮೂಲಾರ್ಥ. ಕುದುರೆಮುಖದಲ್ಲಿ ದೀಪಗಳು ಪೂರ್ತಿ ಆರಿಹೋದವೆಂದು ಹೇಳಲಾಗದು. ಆದರೆ ಸಾಲುಸಾಲು ಮನೆಗಳ ಬಾಗಿಲಿಗೆ ಬೀಗ ಬಿದ್ದಿತು. ಆ ಊರು ಏಕೆ ಎದ್ದಿತು, ಏಕೆ ಬಿದ್ದಿತು ಎಂಬುದರಲ್ಲಿ ಭೂವಿಜ್ಞಾನವೂ ಭೌತವಿಜ್ಞಾನವೂ ಲೋಕವ್ಯವಹಾರವೂ ಹೆಣೆದುಕೊಂಡಿವೆ. ಅವುಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಬೆಟ್ಟದೊಳಗಿನ ಅಯಸ್ಕಾಂತ

ಹಳೆಯ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಪಿ. ಸಂಪತ್ ಅಯ್ಯಂಗಾರ್ಯರು 1913ನೆಯ ಇಸವಿಯಲ್ಲಿ ಈ ಬೆಟ್ಟಗಳಲ್ಲಿ ಕಬ್ಬಿಣದ ಅದಿರನ್ನು ಗುರುತಿಸಿದರು. ಕುದುರೆಯ ಮುಖವನ್ನು ಹೋಲುವ, 1,890 ಮೀಟರುಗಳಿಗೂ ಮಿಗಿಲಾಗಿ ಎತ್ತರವಾದ ಶಿಖರದಿಂದ ಈ ಪ್ರದೇಶಕ್ಕೆ ಹೆಸರು ಬಂದಿದೆ. ಇಲ್ಲಿನ ಅದಿರು 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರತಳದಲ್ಲಿ ಪದರಪದರವಾಗಿ ಶೇಖರವಾದ ಶಿಲೆ. ಒಂದು ಪದರ ಕಬ್ಬಿಣದ ಆಕ್ಸೈಡು, ಅದರ ಮೇಲೊಂದು ಪದರ ಬೆಣಚು, ಮತ್ತೆ ಕಬ್ಬಿಣ, ಮತ್ತೆ ಬೆಣಚು. ಈ ಬಗೆಯ ಪಟ್ಟೆಶಿಲೆಗಳು ಆಸ್ಟ್ರೇಲಿಯ, ಬ್ರೆಜಿಲ್, ದಕ್ಷಿಣ ಆಫ್ರಿಕ ಮೊದಲಾದ ಪ್ರಾಚೀನ ಭೂಖಂಡಗಳಲ್ಲೆಲ್ಲ ಕಾಣುತ್ತವೆ. ಲೋಕದ ಕಬ್ಬಿಣದ ಬಹುಭಾಗ ಅವುಗಳಿಂದಲೇ ಬರುತ್ತದೆ.

ಕಬ್ಬಿಣದ ಅದಿರುಗಳಲ್ಲಿ ಎರಡು ಮುಖ್ಯ. ಒಂದು ಹೆಮಟೈಟ್, ಅದರ ಪುಡಿ ಕೆಮ್ಮಣ್ಣಿನ ಬಣ್ಣದ್ದು. ಇನ್ನೊಂದು ಮ್ಯಾಗ್ನಟೈಟ್; ಅದು ಕಪ್ಪು. ಹೆಮಟೈಟಿನ ಅಣುಸೂತ್ರದಲ್ಲಿ ಕಬ್ಬಿಣದ ಎರಡು ಪರಮಾಣುಗಳಿಗೆ ಆಮ್ಲಜನಕದ ಮೂರು. ಮ್ಯಾಗ್ನಟೈಟಿನಲ್ಲಿ ಕಬ್ಬಿಣದ ಮೂರಕ್ಕೆ ಆಮ್ಲಜನಕದ ನಾಲ್ಕು. ಪರಮಾಣು ತೂಕಗಳನ್ನು 56 ಮತ್ತು 16 ಎಂದು ಇಟ್ಟುಕೊಂಡು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಶುದ್ಧ ಹೆಮಟೈಟಿನಲ್ಲಿ ಶೇಕಡಾ 70ರಷ್ಟೂ ಶುದ್ಧ ಮ್ಯಾಗ್ನಟೈಟಿನಲ್ಲಿ ಶೇಕಡಾ 72.4ರಷ್ಟೂ ಕಬ್ಬಿಣವಿರುತ್ತದೆ. ಕುದುರೆಮುಖದ ಅದಿರಿನಲ್ಲಿ ಮುಖ್ಯವಾದುದು ಮ್ಯಾಗ್ನಟೈಟ್. ಆದರೆ ಬೆಣಚು ಬೆರೆತಿರುವುದರಿಂದ ಬೆಟ್ಟದಿಂದ ಅಗೆದ ಕಲ್ಲಿನಲ್ಲಿ ಕಬ್ಬಿಣದ ಪ್ರಮಾಣ ಶೇಕಡಾ 38ರ ಆಸುಪಾಸು ಮಾತ್ರ. ಇಷ್ಟು ಬಡ ಅದಿರನ್ನು ನೇರವಾಗಿ ಕುಲುಮೆಗೆ ಹಾಕುವುದು ಲಾಭಕರವಲ್ಲ. ಅದರಿಂದಲೇ ಇಷ್ಟು ದೊಡ್ಡ ನಿಕ್ಷೇಪದ ಅರಿವಿದ್ದರೂ ಅರುವತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ದೊಡ್ಡ ಗಣಿ ತೆರೆಯಲಿಲ್ಲ. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸತೊಡಗಿದಾಗ ತನಗೆ ಬೇಕಾದ ಅದಿರನ್ನು ಬಾಬಾಬುಡನ್ ಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ ತರಿಸಿಕೊಂಡಿತೇ ಹೊರತು ಕುದುರೆಮುಖದತ್ತ ನೋಡಲಿಲ್ಲ.

ಊರು ಎದ್ದ ಬಗೆ

1975ರ ನವೆಂಬರಿನಲ್ಲಿ ಭಾರತಕ್ಕೂ ಇರಾನಿಗೂ ಒಂದು ಒಪ್ಪಂದವಾಯಿತು. ಇರಾನು ತನ್ನ ಉಕ್ಕಿನ ಕಾರ್ಖಾನೆಗಳಿಗಾಗಿ ಶುದ್ಧಗೊಳಿಸಿದ ಅದಿರನ್ನು ಬಯಸಿತ್ತು. ಅದಕ್ಕಾಗಿ 63 ಕೋಟಿ ಡಾಲರುಗಳ ಸಾಲ ಕೊಡಲು ಒಪ್ಪಿತು. 1976ರ ಏಪ್ರಿಲಿನಲ್ಲಿ ಭಾರತ ಸರ್ಕಾರದ ಒಡೆತನದಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪಿತವಾಯಿತು. ಮಳೆಕಾಡಿನ ನಡುವೆ, ಭದ್ರೆಯ ತೀರದ ಮಲ್ಲೇಶ್ವರವೆಂಬ ಸ್ಥಳದಲ್ಲಿ ನೌಕರರ ಮನೆಗಳು, ಶಾಲೆ, ಆಸ್ಪತ್ರೆ, ಅಂಗಡಿಬೀದಿಗಳು ತಲೆಯೆತ್ತಿದವು. ವರ್ಷಕ್ಕೆ 75 ಲಕ್ಷ ಟನ್ನು ಶುದ್ಧೀಕೃತ ಅದಿರನ್ನು ಒದಗಿಸಬಲ್ಲ ಸ್ಥಾವರ 1980ರಲ್ಲಿ ಸಿದ್ಧವಾಯಿತು.

ಬೆಣಚಿನಿಂದ ಕಬ್ಬಿಣವನ್ನು ಬೇರ್ಪಡಿಸುವ ಉಪಾಯ ಸರಳವಾದ ಒಂದು ಭೌತಗುಣವನ್ನು ಆಶ್ರಯಿಸಿದೆ. ಮ್ಯಾಗ್ನಟೈಟನ್ನು ಅಯಸ್ಕಾಂತ ಬಲವಾಗಿ ಸೆಳೆಯುತ್ತದೆ, ಬೆಣಚನ್ನು ಸೆಳೆಯುವುದಿಲ್ಲ. ಆದರೆ ಎರಡೂ ಒಂದೇ ಕಲ್ಲಿನಲ್ಲಿ ಬೆಸೆದುಕೊಂಡಿರುವಾಗ ಅಯಸ್ಕಾಂತಕ್ಕೆ ಅವನ್ನು ಬಿಡಿಸುವ ಶಕ್ತಿಯಿಲ್ಲ. ಆದುದರಿಂದ ಕಲ್ಲನ್ನು ಒಡೆದು, ತಿರುಗುವ ಭಾರಿ ಪೀಪಾಯಿಗಳಲ್ಲಿ ನೀರಿನೊಡನೆ ಅರೆದು, ಒಂದೊಂದು ಕಣವೂ ಪ್ರತ್ಯೇಕವಾಗುವಷ್ಟು ನುಣುಪು ಮಾಡಬೇಕು. ಅನಂತರ ಆ ಕೆಸರನ್ನು ಅಯಸ್ಕಾಂತಗಳುಳ್ಳ ಉರುಳೆಗಳ ಮೇಲೆ ಹಾಯಿಸಿದರೆ ಕಪ್ಪುಕಣಗಳು ಉರುಳೆಗೆ ಅಂಟುತ್ತವೆ, ಬೆಣಚು ನೀರಿನೊಡನೆ ಹೊರಟುಹೋಗುತ್ತದೆ. ಹೀಗೆ ಶೇಕಡಾ 38ರ ಅದಿರು ಶೇಕಡಾ 67ರ ಸಮೀಪಕ್ಕೆ ಏರುತ್ತದೆ.

ಇದೇ ತತ್ತ್ವವನ್ನು ಮನೆಯಲ್ಲಿ ಪರೀಕ್ಷಿಸಬಹುದು. ತುಂಗೆಯ ಅಥವಾ ಭದ್ರೆಯ ಒಣಮರಳನ್ನು ಒಂದು ಕಾಗದದ ಮೇಲೆ ಹರಡಿ, ಕಾಗದದ ಚೂರಿನಲ್ಲಿ ಸುತ್ತಿದ ಅಯಸ್ಕಾಂತವನ್ನು ಅದರ ಮೇಲೆ ಸುಳಿದಾಡಿಸಿ ನೋಡಿ. ಕೆಲವು ಕಪ್ಪುಕಣಗಳು ಜಿಗಿದು ಅಂಟಿಕೊಳ್ಳುತ್ತವೆ. ಮೇಲಿನ ಬೆಟ್ಟಗಳಿಂದ ನದಿ ಹೊತ್ತುತಂದ ಮ್ಯಾಗ್ನಟೈಟ್ ಅದು.

ಸಿದ್ಧವಾದ ಅದಿರನ್ನು ಕಡಲತೀರಕ್ಕೆ ಒಯ್ಯುವುದು ಮತ್ತೊಂದು ಸಮಸ್ಯೆ. ಅಲ್ಲಿ ರೈಲಿರಲಿಲ್ಲ, ಘಟ್ಟವನ್ನು ಇಳಿಯಬೇಕು. ಅದಿರಿನ ಹುಡಿಯನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಹರಿಸಿದರು. ಇಂಥ ಕೊಳವೆಯಲ್ಲಿ ವೇಗದ ಹದ ತಪ್ಪಕೂಡದು. ವೇಗ ತೀರ ಕಡಿಮೆಯಾದರೆ ನೀರಿಗಿಂತ ಐದು ಪಟ್ಟು ಸಾಂದ್ರವಾದ ಮ್ಯಾಗ್ನಟೈಟ್ ತಳಕ್ಕೆ ಇಳಿದು ಕೊಳವೆ ಕಟ್ಟಿಕೊಳ್ಳುತ್ತದೆ. ತೀರ ಹೆಚ್ಚಾದರೆ ಕಣಗಳು ಕೊಳವೆಯ ಗೋಡೆಯನ್ನು ಉಜ್ಜಿ ಸವೆಸುತ್ತವೆ.

ಉಳಿದುದರ ಲೆಕ್ಕ

ಈಗ ಒಂದು ಸರಳ ಲೆಕ್ಕವನ್ನು ಮಾಡೋಣ. 75 ಲಕ್ಷ ಟನ್ನು ಶುದ್ಧ ಅದಿರಿಗಾಗಿ ವರ್ಷಕ್ಕೆ ಸುಮಾರು 2 ಕೋಟಿ 26 ಲಕ್ಷ ಟನ್ನು ಕಲ್ಲನ್ನು ಅಗೆಯಬೇಕೆಂದು ಯೋಜನೆಯಾಗಿತ್ತು. ಮೊದಲಿನದನ್ನು ಎರಡನೆಯದರಿಂದ ಕಳೆದರೆ 1 ಕೋಟಿ 51 ಲಕ್ಷ ಟನ್ನು ಉಳಿಯುತ್ತದೆ. ಎಂದರೆ ಅಗೆದುದರ ಮೂರರಲ್ಲಿ ಎರಡು ಪಾಲು ಯಾರಿಗೂ ಬೇಡದ ನುಣುಪಾದ ಕೆಸರು. ಹತ್ತು ಟನ್ನು ಹೊರುವ ಲಾರಿಗಳಲ್ಲಿ ಅದನ್ನು ಸಾಗಿಸುವುದಾದರೆ ದಿನವೊಂದಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಲಾರಿಗಳು ಬೇಕಾದಾವು!

ಈ ಕೆಸರಿನಲ್ಲಿ ಕಬ್ಬಿಣವೇ ಇಲ್ಲವೆಂದು ತಿಳಿಯಬಾರದು. ಅಗೆದ ಕಲ್ಲಿನಲ್ಲಿದ್ದ ಕಬ್ಬಿಣ, ಶೇಕಡಾ 38ರಂತೆ, ಸುಮಾರು 86 ಲಕ್ಷ ಟನ್ನು. ಶುದ್ಧ ಅದಿರಿನಲ್ಲಿ ಹೋದದ್ದು, ಶೇಕಡಾ 67ರಂತೆ, ಸುಮಾರು 50 ಲಕ್ಷ ಟನ್ನು. ಉಳಿದ 36 ಲಕ್ಷ ಟನ್ನು ಕೆಸರಿನಲ್ಲೇ ನಿಂತಿತು. ಇದಕ್ಕೆ ಕಾರಣವುಂಟು. ಬೆಟ್ಟದ ಮೇಲ್ಭಾಗದ ಅದಿರು ಸಹಸ್ರಾರು ವರ್ಷಗಳ ಮಳೆಗೂ ಗಾಳಿಗೂ ಒಡ್ಡಿಕೊಂಡು ಮೆತ್ತಗಾಗಿ, ಅದರ ಮ್ಯಾಗ್ನಟೈಟಿನ ಒಂದು ಭಾಗ ಹೆಮಟೈಟಾಗಿ ಮಾರ್ಪಟ್ಟಿತ್ತು. ಸಾಧಾರಣ ಅಯಸ್ಕಾಂತ ಹೆಮಟೈಟನ್ನು ಹಿಡಿಯಲಾರದು. ಮೆತ್ತಗಿನ ಶಿಲೆಯನ್ನು ಅಗೆಯುವುದು ಸುಲಭ. ಆದರೆ ಅದರ ಕಬ್ಬಿಣದ ಒಂದಂಶ ಕೈತಪ್ಪಿಹೋಗುತ್ತದೆ.

ಕೆಸರನ್ನು ತಡೆದು ನಿಲ್ಲಿಸಲು ಭದ್ರೆಯನ್ನು ಸೇರುವ ಲಕ್ಯ ಹಳ್ಳಕ್ಕೆ ಅಡ್ಡಲಾಗಿ ಸುಮಾರು 100 ಮೀಟರು ಎತ್ತರದ ಅಣೆಕಟ್ಟನ್ನು ಕಟ್ಟಿದರು. ನೀರನ್ನು ಸಂಗ್ರಹಿಸುವ ಅಣೆಕಟ್ಟುಗಳನ್ನು ನಾವು ಬಲ್ಲೆವು. ಇದು ಮುಖ್ಯವಾಗಿ ಕಲ್ಲಿನ ಹಿಟ್ಟನ್ನು ಸಂಗ್ರಹಿಸುವ ಅಣೆಕಟ್ಟು. ಗಣಿ ನಿಂತರೂ ಇಂಥ ಕಟ್ಟೆಯನ್ನು ಕಾಯುವ ಕೆಲಸ ನಿಲ್ಲುವಂತಿಲ್ಲ. ಒಳಗಿನ ಕೆಸರು ಎಲ್ಲಿಗೂ ಹೋಗುವುದಿಲ್ಲವಷ್ಟೆ.

ಮಳೆ ಮತ್ತು ಮಣ್ಣು

ಅಣೆಕಟ್ಟಿನ ಹಿಂದೆ ನಿಂತ ಕೆಸರಿನ ಮಾತು ಹಾಗಿರಲಿ. ಅಗೆದು ಬಯಲಾದ ಬೆಟ್ಟದ ಮೈಯಿಂದ ನೇರವಾಗಿ ಹಳ್ಳಕ್ಕೆ ಇಳಿಯುವ ಮಣ್ಣು ಬೇರೆ. ಕುದುರೆಮುಖದಲ್ಲಿ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರು ಮಳೆ ಬೀಳುತ್ತದೆ. 7 ಮೀಟರು ಮಳೆ ಎಂದರೆ ಒಂದು ಹೆಕ್ಟೇರು ನೆಲದ ಮೇಲೆ 70,000 ಘನಮೀಟರು, ಅಂದರೆ 70,000 ಟನ್ನು ನೀರು. ಅದೂ ಬಹುಪಾಲು ನಾಲ್ಕೇ ತಿಂಗಳುಗಳಲ್ಲಿ. ಶೋಲೆ ಕಾಡಿನ ಮೇಲೆ ಈ ಮಳೆ ಬಿದ್ದಾಗ ಎಲೆಗಳು ಹನಿಯ ಹೊಡೆತವನ್ನು ತಡೆಯುತ್ತವೆ, ತರಗೆಲೆಯ ಹಾಸಿಗೆ ನೀರನ್ನು ಹೀರುತ್ತದೆ, ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ. ಬೆಟ್ಟದ ನೆತ್ತಿಯ ಹುಲ್ಲುಗಾವಲೂ ಇದೇ ಉಪಕಾರವನ್ನು ಮಾಡುತ್ತದೆ. ಹೊದಿಕೆ ತೆಗೆದ ನೆಲಕ್ಕೆ ಈ ಮೂರು ರಕ್ಷಣೆಗಳೂ ಇಲ್ಲ.

ಹಾಗೆ ಕೊಚ್ಚಿಹೋದ ಮಣ್ಣು ಎಷ್ಟು ದೂರ ಹೋದೀತು? ಇದಕ್ಕೆ ಉತ್ತರವನ್ನು 1851ರಲ್ಲಿ ಸ್ಟೋಕ್ಸ್ ಎಂಬ ವಿಜ್ಞಾನಿ ಕಂಡುಹಿಡಿದ ನಿಯಮ ಕೊಡುತ್ತದೆ. ದ್ರವದಲ್ಲಿ ಮುಳುಗುವ ಸಣ್ಣ ಗೋಳದ ಇಳಿಯುವ ವೇಗ ಅದರ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಅದರ ಸಾರ. ತ್ರಿಜ್ಯ ಹತ್ತನೆಯ ಒಂದು ಪಾಲಾದರೆ ವೇಗ ನೂರನೆಯ ಒಂದು ಪಾಲಾಗುತ್ತದೆ. ಬೆಣಚಿನ ಸಾಂದ್ರತೆಯನ್ನೂ ನೀರಿನ ಸ್ನಿಗ್ಧತೆಯನ್ನೂ ಗಣಿಸಿ ಲೆಕ್ಕ ಹಾಕಿದರೆ, ನಿಂತ ನೀರಿನಲ್ಲಿ ಒಂದು ಮೀಟರು ಆಳ ಇಳಿಯಲು ಬೇಕಾಗುವ ಕಾಲ ಹೀಗಿದೆ:

ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ವ್ಯಾಸದ ನಯವಾದ ಮರಳಿಗೆ ಸುಮಾರು 2 ನಿಮಿಷ;
ನೂರನೆಯ ಒಂದು ಭಾಗದ ಹೂಳುಮಣ್ಣಿಗೆ ಸುಮಾರು 3 ಗಂಟೆ;
ಸಾವಿರದ ಒಂದು ಭಾಗದ ಜೇಡಿಗೆ ಸುಮಾರು 13 ದಿನ.

ಇದು ನಿಂತ ನೀರಿನ ಮಾತು. ಹರಿಯುವ ಹೊಳೆಯಲ್ಲಿ ಸುಳಿಗಳು ಕಣವನ್ನು ಮತ್ತೆ ಮತ್ತೆ ಮೇಲಕ್ಕೆತ್ತುತ್ತವೆ. ಅಲ್ಲಿ ಜೇಡಿ ಇಳಿಯುವುದೇ ಇಲ್ಲವೆನ್ನಬಹುದು. ಮರಳು ಹತ್ತಿರದ ಮಡುವಿನಲ್ಲಿ ನಿಲ್ಲುತ್ತದೆ. ಹೂಳು ಕೆಲವು ಹರದಾರಿ ಹೋಗುತ್ತದೆ. ಜೇಡಿ ಮಾತ್ರ ನೀರು ಎಲ್ಲಿ ವಿಶ್ರಮಿಸುತ್ತದೆಯೋ ಅಲ್ಲಿಯವರೆಗೂ ಪ್ರಯಾಣ ಮಾಡುತ್ತದೆ. ಭದ್ರೆಯ ನೀರು ವಿಶ್ರಮಿಸುವ ಸ್ಥಳ ಲಕ್ಕವಳ್ಳಿಯ ಜಲಾಶಯ. ಸುಮಾರು 71.5 ಟಿ.ಎಂ.ಸಿ. ಅಡಿ ನೀರು ಹಿಡಿಯುವ ಈ ಜಲಾಶಯವನ್ನು ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ ಸೀಮೆಗಳ ಗದ್ದೆತೋಟಗಳು ನೆಚ್ಚಿಕೊಂಡಿವೆ. ಮೇಲಿನ ಗಣಿಯ ಪ್ರಶ್ನೆ ಕೆಳಗಿನ ರೈತನ ಪ್ರಶ್ನೆಯೂ ಆದದ್ದು ಹೀಗೆ. ಕಾಡಿನಿಂದಲೂ ಹೊಲಗಳಿಂದಲೂ ಮಣ್ಣು ಹರಿದು ಬರುವುದುಂಟು, ನಿಜ; ಆದರೆ ಒಂದೇ ವಿಸ್ತೀರ್ಣದ ಕಾಡಿಗೂ ತೆರೆದ ಗಣಿಗೂ ಇರುವ ಅಂತರ ಬಹು ದೊಡ್ಡದು.

ಊರು ಬಿದ್ದ ಬಗೆ

ಕುದುರೆಮುಖಕ್ಕೆ ಮೊದಲ ಪೆಟ್ಟು ಬಿದ್ದದ್ದು ಪರದೇಶದಿಂದ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ಅವರ ಆಳ್ವಿಕೆ ಕೊನೆಗೊಂಡಿತು. 1980ರಲ್ಲಿ ಸ್ಥಾವರ ಸಿದ್ಧವಾದಾಗ, ಯಾರಿಗಾಗಿ ಅದನ್ನು ಕಟ್ಟಲಾಗಿತ್ತೋ ಆ ಗಿರಾಕಿಯೇ ಇಲ್ಲವಾಗಿದ್ದ. ಬೇರೆ ದೇಶಗಳ ಕೊಳ್ಳುಗರನ್ನು ಹುಡುಕಬೇಕಾಯಿತು. ಅದರಲ್ಲೂ ಒಂದು ತೊಡಕಿತ್ತು: ನುಣುಪಾದ ಹುಡಿಯನ್ನು ಹಾಗೆಯೇ ಊದುಕುಲುಮೆಗೆ ಹಾಕಿದರೆ ಬಿಸಿಗಾಳಿಯ ದಾರಿ ಮುಚ್ಚಿಹೋಗುತ್ತದೆ. ಹುಡಿಯನ್ನು ಉಂಡೆಕಟ್ಟಿ ಸುಟ್ಟು ಗಟ್ಟಿಮಾಡುವ ಕಾರ್ಖಾನೆ 1987ರಲ್ಲಿ ಮಂಗಳೂರಿನಲ್ಲಿ ಆರಂಭವಾಯಿತು. ಹೀಗೆ ಊರು ಮೊದಲ ಗಂಡಾಂತರವನ್ನು ದಾಟಿತು.

ಅದೇ 1987ರಲ್ಲಿ ಸುತ್ತಲಿನ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಸಾರುವ ಮೊದಲ ಪ್ರಕಟಣೆ ಹೊರಟಿತು. ಸಿಂಗಳೀಕವೇ ಮೊದಲಾದ, ಪಶ್ಚಿಮಘಟ್ಟವನ್ನು ಬಿಟ್ಟರೆ ಬೇರೆಲ್ಲೂ ಕಾಣಸಿಗದ ಪ್ರಾಣಿಗಳು ಇಲ್ಲಿದ್ದುವು. ಒಂದು ನೆಲಕ್ಕೆ ಎರಡು ಉದ್ದೇಶಗಳು, ಎರಡೂ ಸರ್ಕಾರದವೇ. 1969ರಲ್ಲಿ 30 ವರ್ಷಗಳಿಗೆ ಕೊಟ್ಟಿದ್ದ ಗಣಿಯ ಗುತ್ತಿಗೆ 1999ರಲ್ಲಿ ಮುಗಿಯಿತು. ಮುಂದೆ ತಾತ್ಕಾಲಿಕ ಅನುಮತಿಗಳ ಮೇಲೆ ಕೆಲಸ ನಡೆಯಿತು. ನಿವೃತ್ತ ಅರಣ್ಯಾಧಿಕಾರಿ ಕೆ. ಎಂ. ಚಿಣ್ಣಪ್ಪನವರು ಸರ್ವೋಚ್ಚ ನ್ಯಾಯಾಲಯದಲ್ಲಿ ಮನವಿ ಸಲ್ಲಿಸಿದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂದಿತು: 2005ರ ಅಂತ್ಯದೊಳಗೆ ಗಣಿಗಾರಿಕೆ ನಿಲ್ಲತಕ್ಕದ್ದು. ಆ ಗಡುವಿಗೂ ಕಾರಣವಿತ್ತು. ಆಗಲೇ ಅಗೆದಿದ್ದ ಪ್ರದೇಶದಲ್ಲಿ ಮಿಕ್ಕಿದ್ದ ಮೆತ್ತಗಿನ ಅದಿರು ಅಷ್ಟರೊಳಗೆ ಮುಗಿಯುವುದೆಂದು ಎಣಿಸಲಾಗಿತ್ತು. ಅದರಂತೆ 2005ರ ಡಿಸೆಂಬರ್ 31ರಂದು ಗಣಿ ನಿಂತಿತು.

ಗಣಿ ನಿಂತ ಮೇಲೆ ಊರು ಏಕೆ ಉಳಿಯಲಿಲ್ಲ? 2001ರಲ್ಲಿ ಕೋಲಾರದ ಚಿನ್ನದ ಗಣಿಯೂ ಮುಚ್ಚಿತು. ಅಲ್ಲಿ ಕಷ್ಟ ಕಡಿಮೆಯಾಗಿರಲಿಲ್ಲ. ಆದರೂ ಜನ ಅಲ್ಲೇ ನೆಲೆನಿಂತರು, ನಿತ್ಯವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ಬರತೊಡಗಿದರು. ಕುದುರೆಮುಖಕ್ಕೆ ಅಂಥ ನಗರ ಹತ್ತಿರದಲ್ಲಿಲ್ಲ, ರೈಲಿಲ್ಲ. ಮನೆಗಳು ಕಂಪನಿಯವು; ನೌಕರಿ ಹೋದರೆ ವಾಸವೂ ಹೋದಂತೆ. ಸುತ್ತಲೂ ರಕ್ಷಿತ ಅರಣ್ಯವಾದುದರಿಂದ ಹೊಸ ಉದ್ಯೋಗವೊಂದು ಅಲ್ಲಿ ಬೇರೂರುವುದು ಸುಲಭವಲ್ಲ. ಸಂಸಾರಗಳು ಮಂಗಳೂರಿಗೂ ಬೆಂಗಳೂರಿಗೂ ತಮ್ಮತಮ್ಮ ಹುಟ್ಟೂರುಗಳಿಗೂ ಚದುರಿದುವು. ಮಕ್ಕಳಿಲ್ಲದ ಶಾಲೆಯೂ ಗಿರಾಕಿಯಿಲ್ಲದ ಅಂಗಡಿಯೂ ಎಷ್ಟು ದಿನ ನಡೆದಾವು? ಮಳೆನಾಡಿನಲ್ಲಿ ಬೀಗ ಹಾಕಿದ ಮನೆಗೆ ಆಯುಷ್ಯ ಕಡಿಮೆ. ಪಾಚಿ ಮೊದಲು, ಆಮೇಲೆ ಗೋಡೆಯ ಬಿರುಕಿನಲ್ಲಿ ಅತ್ತಿಯ ಸಸಿ. ಮಂಗಳೂರಿನ ಉಂಡೆಯ ಕಾರ್ಖಾನೆ ಮಾತ್ರ ಹೊರಗಿನ ಅದಿರನ್ನು ತರಿಸಿ ಕೆಲಸ ಮುಂದುವರಿಸಿತು.

ಈ ತೀರ್ಪಿನಿಂದ ಗೆದ್ದವರಾರು, ಸೋತವರಾರು ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ನದಿಗೂ ಕಾಡಿಗೂ ಬಿಡುವು ದೊರೆಯಿತು. ದುಡಿಮೆಯನ್ನೇ ನಂಬಿದ್ದವರಿಗೆ ನೆಲೆ ತಪ್ಪಿತು. ಉದ್ಯಾನದ ಮೇರೆಯೊಳಗೆ ತಲೆಮಾರುಗಳಿಂದ ಬಾಳುತ್ತಿದ್ದ ಮಲೆಕುಡಿಯರೇ ಮೊದಲಾದ ಕುಟುಂಬಗಳಿಗೆ ಗಣಿ ಹೋದ ಮೇಲೂ ಒಕ್ಕಲೇಳುವ ಭಯ ತಪ್ಪಲಿಲ್ಲ.

ಭದ್ರಾವತಿಯ ಪಾಲಿಗೆ

ಈಗ ಹೊಳೆಯ ಕೆಳಗಿನ ಊರಿಗೆ ಬರೋಣ. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಅಲ್ಲಿ ಕಬ್ಬಿಣದ ಕಾರ್ಖಾನೆಯನ್ನು ನೆಲೆಗೊಳಿಸಿದಾಗ ಮೈಸೂರು ಸಂಸ್ಥಾನದವರು ಅದಿರನ್ನೊಂದನ್ನೇ ನೋಡಲಿಲ್ಲ. ಕೆಮ್ಮಣ್ಣುಗುಂಡಿಯ ಅದಿರು, ಭಂಡಿಗುಡ್ಡದ ಸುಣ್ಣಕಲ್ಲು, ಕಾಡಿನ ಇದ್ದಿಲು, ಭದ್ರೆಯ ನೀರು, ರೈಲುಮಾರ್ಗ ಇವೆಲ್ಲ ಕೂಡುವ ಸ್ಥಳವನ್ನು ಆರಿಸಿದರು. ಇದ್ದಿಲಿಗಾಗಿ ಕಾಡು ಕರಗಿದ್ದೂ ಸತ್ಯ. ಆ ಸಾಲವನ್ನು ಲೆಕ್ಕದಿಂದ ಬಿಡಬಾರದು. ಆಮೇಲೆ 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾಯಿತು. ಊರು ಒಂದಕ್ಕಿಂತ ಹೆಚ್ಚು ಕಂಬಗಳ ಮೇಲೆ ನಿಂತಿತು.

ಆದರೆ ಕಂಬಗಳೂ ಸವೆಯುತ್ತವೆ. ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾಯಿತು. ಕಾರ್ಮಿಕರ ದೀರ್ಘ ಹೋರಾಟದ ನಡುವೆ ಅದೇ ವರ್ಷ ಕೆಲಸ ಭಾಗಶಃ ಮತ್ತೆ ಆರಂಭವಾಯಿತು. ಕೆಮ್ಮಣ್ಣುಗುಂಡಿಯ ಅದಿರು ನಿಂತ ಮೇಲೆ ತನ್ನದೇ ಗಣಿಯಿಲ್ಲದಿರುವುದು ಆ ಕಾರ್ಖಾನೆಯ ಸಂಕಟಕ್ಕೆ ಒಂದು ಮುಖ್ಯ ಕಾರಣ. ಭದ್ರಾವತಿ ಕುದುರೆಮುಖವಾಗಲಾರದು ಎನ್ನಲು ಆಧಾರಗಳುಂಟು: ಅದಕ್ಕೆ ರೈಲುಂಟು, ಬಯಲಿನ ಬೇಸಾಯವುಂಟು, ಅತಿ ಸಮೀಪದಲ್ಲಿ ಶಿವಮೊಗ್ಗವುಂಟು. ಆದರೆ ಕುಲುಮೆ ಆರಿದ ಮನೆಯವನಿಗೆ ಈ ಸಮಾಧಾನ ಸಾಲದು.

ಒಂದು ಕೈಗಾರಿಕಾ ಊರಿನ ಆಯುಷ್ಯವನ್ನು ಅಳೆಯಬೇಕಾದರೆ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಕಚ್ಚಾಸಾಮಗ್ರಿ ಎಷ್ಟು ವರ್ಷ ಬಂದೀತು? ಕೊಳ್ಳುವವರು ಒಬ್ಬರೋ ಹಲವರೋ? ನೆಲವೂ ನೀರೂ ಆ ಭಾರವನ್ನು ಎಷ್ಟು ಕಾಲ ತಾಳಬಲ್ಲವು? ಮೂಲ ಕಸುಬು ನಿಂತ ದಿನ ಜನರಿಗೆ ಬೇರೆ ಯಾವ ಕಸುಬು ಕೈಹಿಡಿದೀತು? ಕುದುರೆಮುಖವನ್ನು ಕಟ್ಟಿದವರು ಮೊದಲನೆಯದಕ್ಕೆ ಉತ್ತರವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಎರಡನೆಯದಕ್ಕೆ ಇರಾನಿನ ಕ್ರಾಂತಿಯೂ ಮೂರನೆಯದಕ್ಕೆ ನ್ಯಾಯಾಲಯವೂ ಉತ್ತರ ಕೊಟ್ಟವು. ನಾಲ್ಕನೆಯದನ್ನು ಅಲ್ಲಿಂದ ಹೊರಟ ಸಂಸಾರಗಳು ಒಂದೊಂದೂ ತಾನೇ ಬಿಡಿಸಿಕೊಳ್ಳಬೇಕಾಯಿತು.

ಈ ಮಳೆಗಾಲದಲ್ಲಿ ವಿದ್ಯಾರ್ಥಿಗಳು ಭದ್ರೆಯ ಕೆಂಪುನೀರನ್ನು ಒಂದು ಗಾಜಿನ ಜಾಡಿಯಲ್ಲಿ ತುಂಬಿ ಅಲುಗಿಸದೆ ಇಟ್ಟು, ಗಡಿಯಾರ ಹಿಡಿದು ನೋಡಲಿ. ನಿಮಿಷಗಳಲ್ಲಿ ತಳ ಸೇರಿದ್ದು ಎಷ್ಟು, ಮರುದಿನಕ್ಕೆ ಇಳಿದದ್ದು ಎಷ್ಟು, ವಾರವಾದರೂ ತೇಲುತ್ತಿರುವುದು ಎಷ್ಟು ಎಂಬುದನ್ನು ಬರೆದಿಡಲಿ. ಆ ತಿಳಿಯಾಗದ ಪಾಲು ಮೇಲಿನ ಬೆಟ್ಟಗಳಲ್ಲಿ ಏನು ನಡೆಯುತ್ತಿದೆಯೆಂಬುದರ ವರದಿ. ಅದನ್ನು ವರ್ಷ ವರ್ಷವೂ ಓದಬಲ್ಲ ಯುವಕ ಯುವತಿಯರು ನದಿತೀರದ ಪ್ರತಿಯೊಂದು ಊರಿನಲ್ಲಿಯೂ ಬೇಕಾಗಿದ್ದಾರೆ.